ಆರನೆಯ ಫಾರಂ

"ಔಷಧಿ ಅಂಗಡಿಯವನು ಸುಳ್ಳು ಹೇಳಿದ್ದಾನೆ ರೀ!"

ಕಿಟಕಿ ಪಕ್ಕದ ಸ್ಟೂಲಿನ ಮೇಲಿಂದ ಹೆಂಡತಿ ಹೀಗೆ ಕೂಗಿದಾಗ ರಟ್ಟಣ್ಣ ಶಾಲೆಯ ಹಾಜರಿ ಪುಸ್ತಕವೊಂದರ ಬೆನ್ನಿಗೆ ಅಂಟು ಬಳಿಯುತ್ತಿದ್ದ. ಬ್ರಷ್ಷು ಅರ್ಧದಲ್ಲೇ ನಿಂತಿತು. ಮಾತು ಹೊಸದಾಗಿದ್ದರೆ ನಿಲ್ಲುತ್ತಿರಲಿಲ್ಲ. ಆದರೆ ಮೊನ್ನೆ ಮಂಗಳವಾರ ಊಟವಾದ ಮೇಲೆ, ಇದೇ ಸ್ಟೂಲಿನ ಮೇಲೆ ಕೂತು, ಇದೇ ದನಿಯಲ್ಲಿ, ಹೀಗೇ ತೊಡೆ ತಟ್ಟಿಕೊಂಡು ಅವಳು ಇದೇ ಮಾತು ಹೇಳಿದ್ದಳು.

"ಏನಂದೆ?"

"ಆರು ಗಂಟೆಗೇ ಅಂಗಡಿ ಬಾಗಿಲು ಹಾಕ್ದೆ ಅಂದಿದ್ನಲ್ಲ ಅವ್ನು? ಸತ್ತವನ ಕೋಟಿನ ಜೇಬಲ್ಲಿ ಕೆಮ್ಮಿನ ಔಷಧಿ ಚೀಟಿ ಸಿಕ್ಕಿದೆ. ಏಳೂಕಾಲು ಅಂತ ಬರ್ದಿದೆ. ಅವನದೇ ಕೈಬರಹ! ನಾನು ಅವನನ್ನ ಎಂಥಾ ಸಾಧು ಅಂದ್ಕೊಂಡಿದ್ದೆ, ನೋಡಿ."

ತಮಾಷೆ ಮಾಡುತ್ತಿದ್ದಾಳೆ ಎಂದೇ ರಟ್ಟಣ್ಣ ಮೊದಲು ತಿಳಿದ. ಕೈ ಒರೆಸಿಕೊಂಡು ಹತ್ತಿರ ಹೋಗಿ ಅವಳ ಕೈಯಲ್ಲಿದ್ದ ಕತೆ ಪುಸ್ತಕದ ಹಾಳೆಗಳ ಅಡಿ ನೋಡಿದ. ಪುಸ್ತಕವೆಂದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದದ್ದು. ಆ ಮಡಿಕೆಗೆ ಬೈಂಡಿಂಗಿನವರು ಫಾರಂ ಎನ್ನುತ್ತಾರೆ. ಪ್ರತಿ ಫಾರಮಿನ ಮೊದಲ ಪುಟದ ಕೆಳಗೆ ಇರುವೆ ಗಾತ್ರದಲ್ಲಿ ಅದರ ಸಂಖ್ಯೆ ಇರುತ್ತದೆ. ಭಾಷೆ ಯಾವುದಾದರೂ ರಟ್ಟಣ್ಣನಿಗೆ ಓದಲು ಬೇಕಿದ್ದದ್ದು ಅದೊಂದೇ. ಅಲ್ಲಿ ಆರು ಎಂದಿತ್ತು. ಇವತ್ತು ಕೊಡಬೇಕಾಗಿದ್ದದ್ದು ಎಂಟು. ಆರನೆಯದರಲ್ಲಿ ಒಂದು ತೇಪೆ ಎದ್ದಿತ್ತೆಂದು ಬೆಳಿಗ್ಗೆ ಮತ್ತೆ ಅಂಟಿಸಿ, ಎಂಟರ ಪಕ್ಕದಲ್ಲೇ ಒಣಗಲು ಇಟ್ಟಿದ್ದ. ಶಾಲೆಯವರ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಟ್ಟಿದ್ದ.

ಇನ್ನೇನು ನಕ್ಕುಬಿಡುತ್ತಾಳೆ ಎಂದು ಕಾದ. ಅವಳು ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು, ತುಟಿ ಅಲುಗಿಸುತ್ತ, ಮುಂದಿನ ಪುಟಕ್ಕೆ ಹೋದಳು. ಮಂಗಳವಾರ ಉಸಿರು ಬಿಗಿಹಿಡಿದ ಜಾಗದಲ್ಲೇ ಮತ್ತೆ ಉಸಿರು ಬಿಗಿಹಿಡಿದಳು. ರಟ್ಟಣ್ಣ ಹಿಂದಕ್ಕೆ ಬಂದು ಹಾಜರಿ ಪುಸ್ತಕದ ಮುಂದೆ ಕೂತ. ಬಳಿದ ಅಂಟು ಅಷ್ಟರಲ್ಲಿ ಆರಿತ್ತು.

ರಟ್ಟಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಮೂವತ್ತೈದು ವರ್ಷದಲ್ಲಿ ಎಷ್ಟು ಸಾವಿರ ಪುಸ್ತಕಗಳಿಗೆ ರಟ್ಟು ಹಾಕಿ ಬೆನ್ನು ಕೊಟ್ಟಿದ್ದನೋ, ಒಂದರ ಹೊಟ್ಟೆಯಲ್ಲಿ ಏನಿದೆಯೆಂದು ನೋಡಿದ ಮನುಷ್ಯನಲ್ಲ. ಹೆಂಡತಿ ಹಾಗಲ್ಲ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಡಲಾಚೆಯ ಕರೆಗಳನ್ನು ಜೋಡಿಸಲು ಬೇಕೆಂದು ಇಲಾಖೆಯವರೇ ಎರಡು ವರ್ಷ ಸಂಜೆ ಪಾಠ ಹೇಳಿಸಿ ಒಂದು ಪರಭಾಷೆ ಕಲಿಸಿದ್ದರು. ಇಡೀ ಊರಿನಲ್ಲಿ ಆ ಭಾಷೆ ಬರುತ್ತಿದ್ದದ್ದು ಇವಳೊಬ್ಬಳಿಗೇ. ಮುನ್ನೂರು ನಂಬರು ಬಾಯಲ್ಲೇ ಇದ್ದವು. ಡೈರೆಕ್ಟರಿ ತೆಗೆಯುವುದು ತನಗೆ ಅವಮಾನ ಎಂದು ತಿಳಿದಿದ್ದ ಹೆಂಗಸು. ನಿವೃತ್ತಿಯಾಗಿ ಏಳು ವರ್ಷವಾದರೂ ನೆರೆಯವರಿಗೆ ಅವಳು ಇನ್ನೂ ಫೋನಮ್ಮನೇ.

ಈ ಪುಸ್ತಕ ಲೈಬ್ರರಿಯಿಂದ ಚೀಲದಲ್ಲಿ ಬಂದದ್ದು. ಯಾವುದೋ ಕಿಟಕಿಯಡಿ ನೀರು ಕುಡಿದು, ರಟ್ಟು ಕಿತ್ತು, ಊದಿಕೊಂಡು ಬಂದಿತ್ತು. "ಯಾರೂ ಓದಲ್ಲ, ಆದ್ರೂ ಲಿಸ್ಟಲ್ಲಿದೆ, ಮಾಡ್ಕೊಡಿ," ಎಂದಿದ್ದರು ಲೈಬ್ರರಿ ಮೇಡಂ. ರಟ್ಟಣ್ಣ ಹೊಲಿಗೆ ಬಿಚ್ಚಿ ಹರಡಿದ್ದ. ಕಾಫಿ ತಂದ ಹೆಂಡತಿ ಒಂದು ಹಾಳೆ ಎತ್ತಿ ನೋಡಿದವಳು ನಿಂತಲ್ಲೇ ನಿಂತಳು. ಕಾಫಿ ಆರಿತು.

"ಇದರ ಮುಂದಿನದು ಎಲ್ಲಿ?" ಎಂದಳು.

"ಯಾತರದು?"

"ಇದರದೇ ರೀ. ಗಡಿಯಾರ ರಿಪೇರಿಯವನು ಅಂಗಡಿಯೊಳಗೇ ಸತ್ತು ಬಿದ್ದಿದ್ದಾನೆ. ಒಳಗಿಂದ ಚಿಲಕ ಹಾಕಿದೆ. ಗೋಡೆ ಮೇಲಿರೋ ಗಡಿಯಾರ ಎಲ್ಲಾ ಒಂದೊಂದು ಗಂಟೆ ಮುಂದೆ ಓಡ್ತಿವೆ. ಯಾರು ತಿರುಗಿಸಿದ್ರು? ಬೇಗ ಕೊಡಿ!"

ಬೇಗ ಕೊಡುವಂತಿರಲಿಲ್ಲ. ಮಡಿಕೆಗಳೆಲ್ಲ ಕೊಳೆತಿದ್ದವು. ಒಂದೊಂದಕ್ಕೂ ತೆಳು ಕಾಗದದ ತೇಪೆ ಹಾಕಿ, ಒತ್ತುಕಾಗದದ ನಡುವೆ ಒಣಗಿಸಬೇಕು. ಬೇರೆ ಕೆಲಸದ ನಡುವೆ ದಿನಕ್ಕೆ ಒಂದೇ ಫಾರಂ ಆಗುತ್ತಿತ್ತು. ಹಾಗಾಗಿ ದಿನಕ್ಕೊಂದು ಫಾರಂ, ಮಧ್ಯಾಹ್ನ ಊಟವಾದ ಮೇಲೆ. ಓದಿಯಾದ ಮೇಲೆ ಅವಳೇ ಅದನ್ನು ಮೂಲೆಯ ಕಟ್ಟಿಗೆ ಸೇರಿಸಿ, ಮೇಲೆ ಕಲ್ಲು ಹೇರುತ್ತಿದ್ದಳು. ಸಂಜೆ ಕಾಫಿ ಕುಡಿಯುತ್ತ ಆ ದಿನದ ಕತೆ ಹೇಳುತ್ತಿದ್ದಳು.

ಕತೆಯೆಂದರೆ ಮೂಗು ಮುರಿಯುತ್ತಿದ್ದ ರಟ್ಟಣ್ಣ ಮೂರೇ ದಿನದಲ್ಲಿ ಗಾಳಕ್ಕೆ ಸಿಕ್ಕಿಬಿದ್ದ. ಕೊಂದವಳು ಮನೆಗೆಲಸದ ಮುದುಕಿಯೇ ಎಂದು ಪಟ್ಟು ಹಿಡಿದ. ಹೆಂಡತಿ ಒಪ್ಪಲಿಲ್ಲ. ಸತ್ತವನ ಬಾಮೈದನ ಮೇಲೆ ಅವಳ ಕಣ್ಣು. "ಬಾಮೈದ ಅಂದ್ರೆ ನಿಂಗೆ ಯಾಕೆ ಅಷ್ಟು ಸಿಟ್ಟು? ನಿನ್ನ ತಮ್ಮ ನಂಗೆ ಬಾಮೈದನೇ," ಎಂದು ಅವನು ಕಿಚಾಯಿಸಿದರೆ, "ಅದಕ್ಕೇ ಹೇಳ್ತಿರೋದು, ನಂಗೆ ಗೊತ್ತು," ಎನ್ನುತ್ತಿದ್ದಳು. ಮೂವತ್ತೆಂಟು ವರ್ಷ ಸಂಸಾರ ಮಾಡಿದವರ ಮಾತು ಎಷ್ಟಿರುತ್ತದೆ? ನೀರು ಬಂತಾ, ಮಗಳು ಫೋನ್ ಮಾಡಿದ್ಳಾ, ಮಾತ್ರೆ ತಗೊಂಡ್ರಾ. ಅಷ್ಟಕ್ಕೇ ಇಳಿದಿದ್ದ ಮಾತು ಈಗ ಸಂಜೆ ಒಂದು ಗಂಟೆ ಹೊತ್ತು ಏರಿಳಿದು ಜಗಳವಾಡುತ್ತಿತ್ತು. ರಟ್ಟಣ್ಣನಿಗೆ ಐದು ಗಂಟೆ ಯಾವಾಗ ಆಗುತ್ತದೋ ಎನ್ನಿಸುತ್ತಿತ್ತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ.

ಆ ಗುರುವಾರ ಐದು ಗಂಟೆಗೆ ಅವಳು ಕಾಫಿ ತಂದು ಇಟ್ಟಳೇ ಹೊರತು ಕತೆ ಎತ್ತಲಿಲ್ಲ.

"ಆ ಬಾಮೈದ ಊರು ಬಿಟ್ಟು ಹೋದನಲ್ಲ, ಎಲ್ಲಿಗೆ ಅಂದಿದ್ದೆ?" ರಟ್ಟಣ್ಣನೇ ಕೇಳಿದ. ಅದು ನಿನ್ನೆ, ಏಳನೆಯ ಫಾರಮಿನಲ್ಲಿ ನಡೆದದ್ದು. ನಿನ್ನೆ ಅವಳೇ ಹೇಳಿದ್ದಳು.

ಅವಳು ಲೋಟದೊಳಗೆ ನೋಡಿದಳು. "ಇವತ್ತು ತಲೆನೋವು ರೀ. ನಾಳೆ ಹೇಳ್ತೀನಿ."

ಅವಳು ಎದ್ದು ಹೋದ ಮೇಲೆ ರಟ್ಟಣ್ಣನಿಗೆ ಒಂದೊಂದೇ ನೆನಪಾಗತೊಡಗಿದವು. ಬಚ್ಚಲಲ್ಲಿ ನಲ್ಲಿ ತೆರೆದೇ ಇದ್ದದ್ದು. ಹಾಲಿನವಳನ್ನು ಒಂದೇ ದಿನ ಎರಡು ಸಲ ಕರೆದದ್ದು. ಮಗಳು ಮನೆ ಬದಲಾಯಿಸಿ ವರ್ಷವಾದರೂ ಹಳೆಯ ಮನೆಯ ಮಹಡಿ ಮೆಟ್ಟಿಲ ಬಗ್ಗೆ ವಿಚಾರಿಸಿದ್ದು. ವಯಸ್ಸಾಯಿತು ಎಂದು ಒಂದೊಂದನ್ನೂ ಅವನು ಬದಿಗೆ ಸರಿಸಿದ್ದ. ಈಗ ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ಅವನಿಗೆ ಹೆದರಿಕೆಯಾಯಿತು, ಮಕ್ಕಳಿಗೆ ಆಗುವ ಥರದ ಹೆದರಿಕೆ. ಮನೆಯ ಮುಂಭಾಗದಲ್ಲೇ ಇದ್ದ ಬೈಂಡಿಂಗ್ ಅಂಗಡಿಯ ಬಾಗಿಲು ಮುಂದೆ ಮಾಡಿ ಮಗಳಿಗೆ ಫೋನ್ ಮಾಡಿದ.

ಮಗಳು ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಎಲ್ಲ ಕೇಳಿಸಿಕೊಂಡಳು. ಮಾರನೆಯ ದಿನ ತಾನೇ ಫೋನ್ ಮಾಡಿದಳು. "ಅಪ್ಪ, ಮುಂದಿನ ಬುಧವಾರ ಸಿಕ್ಕಿದೆ. ನರದ ಡಾಕ್ಟರು, ದೊಡ್ಡವರು. ಹೇಗೆ ಕಾಡಿ ತಗೊಂಡಿದ್ದೀನಿ ಅಂತ ನಂಗೇ ಗೊತ್ತು. ಅಮ್ಮಂಗೆ ಏನಾದ್ರೂ ಹೇಳಿ ಕರ್ಕೊಂಡು ಬಾ."

ಆದರೆ ಆ ಶುಕ್ರವಾರವೇ ಎಲ್ಲ ತಿರುಗಿತು. ಮಧ್ಯಾಹ್ನ ಎಂಟನೆಯ ಫಾರಂ ಓದಿದ ಹೆಂಡತಿ ಸಂಜೆ ಕಾಫಿ ಲೋಟ ಕೆಳಗಿಡುವ ಮೊದಲೇ ಶುರು ಮಾಡಿದಳು. ಬಾಮೈದ ಹೋದದ್ದು ಬಂದರಿನ ಊರಿಗೆ. ಅಲ್ಲಿಂದ ಬರೆದ ಕಾಗದದಲ್ಲಿ ಶಾಯಿ ನೀಲಿ. "ಮೂರನೇ ದಿನ ಹೇಳಿದ್ದೆನಲ್ಲ, ಸತ್ತವನ ಮೇಜಿನ ಮೇಲೆ ನೀಲಿ ಶಾಯಿ ಚೆಲ್ಲಿತ್ತು ಅಂತ? ನೆನಪಿದ್ಯಾ ನಿಮಗೆ?" ಎಂದು ಅವನನ್ನೇ ಕೇಳಿದಳು. ಅವನಿಗೆ ನೆನಪಿರಲಿಲ್ಲ. ಅವಳು ಗೆದ್ದವಳಂತೆ ನಕ್ಕಳು.

ಶನಿವಾರ ಇನ್ನೂ ಚುರುಕು. ಭಾನುವಾರ ಮಗಳು ಬಂದಾಗ ಅಮ್ಮ ಮೊದಲ ಪುಟದಿಂದ ಇಡೀ ಕತೆಯನ್ನು ಹೇಳಿದಳು. ಔಷಧಿ ಅಂಗಡಿಯವನ ಚೀಟಿ, ಮುದುಕಿಯ ಬೀಗದ ಕೈಗೊಂಚಲು, ಕುಂಟುವ ಲೇಡಿ ಇನ್ಸ್‌ಪೆಕ್ಟರ್ ಯಾವ ಕಾಲಿನಲ್ಲಿ ಕುಂಟುತ್ತಾಳೆ ಎಂಬುದು ಕೂಡ, ಒಂದನ್ನೂ ಬಿಡದೆ. ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. ಹೊರಡಲೆಂದು ಅವಳು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ರಟ್ಟಣ್ಣ ಅವಳ ಕಿವಿಯಲ್ಲಿ, "ನೋಡಿದ್ಯಾ?" ಎಂದ.

"ಆದ್ರೂ ಒಂದ್ಸಲ ತೋರ್ಸಿಬಿಡೋಣ ಅಪ್ಪ."

"ಏನಂತ ತೋರ್ಸ್ತೀಯಾ? ನನಗಿಂತ ಚೆನ್ನಾಗಿ ನೆನಪಿದೆ ಅವಳಿಗೆ. ಆವತ್ತು ತಲೆನೋವು ಇತ್ತು, ಅಷ್ಟೇ. ಡಾಕ್ಟರ ಮುಂದೆ ಕುರ್ಚಿ ಮೇಲೆ ಕೂರ್ಸಿ, ಇವತ್ತು ಯಾವ ವಾರ, ಇದು ಯಾವ ವರ್ಷ ಅಂತ ಕೇಳಿದ್ರೆ ಅವಳಿಗೆ ಹೇಗಾಗತ್ತೆ? ಬೇಡ."

"ಈಗ ಬಿಟ್ರೆ ಮತ್ತೆ ಸಿಗೋದು ಮೂರು ತಿಂಗಳಿಗೆ."

"ಬೇಡ ಅಂದ್ನಲ್ಲ."

ಮಗಳು ಸೋತಳು. ಸೋಲಲು ಅವಳಿಗೂ ಮನಸ್ಸಿತ್ತು. ಬುಧವಾರದ ಸರದಿ ಬೇರೆ ಯಾರಿಗೋ ಹೋಯಿತು. ಅಂದು ಬೆಳಿಗ್ಗೆ ರಟ್ಟಣ್ಣ ಸೈಕಲ್ಲಿನ ಹಿಂದೆ ಹಾಜರಿ ಪುಸ್ತಕಗಳ ಕಟ್ಟು ಹೇರಿಕೊಂಡು ಸಿಳ್ಳೆ ಹಾಕುತ್ತ ಹೋದ. ಸಿಳ್ಳೆ ಹಾಕಿ ಎಷ್ಟು ವರ್ಷವಾಗಿತ್ತೋ.

ಶಾಲೆಗಳು ಶುರುವಾಗುವ ತಿಂಗಳಾದ್ದರಿಂದ ಭಾನುವಾರವೂ ಅವನಿಗೆ ಬಿಡುವಿರಲಿಲ್ಲ. ದಿನಾ ಎಂಟಕ್ಕೆ ಹೊರಟರೆ ಪ್ರೆಸ್ಸು, ಶಾಲೆ ಎಲ್ಲ ಸುತ್ತಿ ಬರುವುದು ಒಂದು ಗಂಟೆಗೆ. ಆ ವಾರ ಅವನು ಬಂದಾಗಲೆಲ್ಲ ಊಟ ತಡವಾಗುತ್ತಿತ್ತು. ಅನ್ನ, ಸಾರು, ಅಷ್ಟೇ. ಪಲ್ಯವಿಲ್ಲ. ಅಂಗಿಗೆ ಇಸ್ತ್ರಿಯಿಲ್ಲ. "ಏನಮ್ಮ, ಮನೆ ಕೆಲಸಕ್ಕೆ ಸ್ಟ್ರೈಕಾ?" ಎಂದು ಒಂದು ದಿನ ನಕ್ಕ. ಅವಳೂ ನಕ್ಕಳು. ಕಣ್ಣು ಕೆಂಪಗಿದ್ದವು. ಕನ್ನಡಕದ ನಂಬರು ಬದಲಾಗಿರಬೇಕು ಎಂದಳು. ಮೂಲೆಯ ಕಟ್ಟಿನ ಮೇಲಿನ ಕಲ್ಲು ಅವನು ಬಿಟ್ಟುಹೋದ ಹಾಗೆ ಇರುತ್ತಿರಲಿಲ್ಲ, ಒಂದಿಷ್ಟು ಸರಿದಿರುತ್ತಿತ್ತು. ಅವನು ಅದನ್ನು ಬೆಕ್ಕಿನ ತಲೆಗೆ ಕಟ್ಟಿ ಬೆಕ್ಕನ್ನು ಬೈದ. ಪುಸ್ತಕದೊಳಗಿನ ಮುದುಕಿ ಯಾವ ದಿನ ಯಾವ ಬಾಗಿಲು ತೆಗೆದಳೆಂದು ಸೈಕಲ್ಲು ತುಳಿಯುತ್ತ ತಲೆ ಕೆಡಿಸಿಕೊಳ್ಳುತ್ತಿದ್ದ ಪತ್ತೇದಾರ, ತನ್ನ ಮನೆಯಲ್ಲಿ ಇದಕ್ಕಿಂತ ಹೆಚ್ಚಿಗೆ ಏನನ್ನೂ ನೋಡಲಿಲ್ಲ.

ಮತ್ತೆ ಶುಕ್ರವಾರ ಬಂದಾಗ ಹದಿನೈದನೆಯ, ಕೊನೆಯ ಫಾರಂ ಮುಗಿಯಿತು. ಕೊಂದವನು ಬಾಮೈದನೇ. ಗಡಿಯಾರಗಳನ್ನು ತಿರುಗಿಸಿದ್ದು ಮುದುಕಿ. ಅದೂ ಅವನನ್ನು ಉಳಿಸಲು, ಯಾಕೆಂದರೆ ಮೊಲೆಯೂಡಿಸಿ ಸಾಕಿದವಳು ಅವಳೇ. ಹೇಳಿ ಮುಗಿಸಿದಾಗ ಹೆಂಡತಿಯ ದನಿ ಒಡೆದಿತ್ತು. ರಟ್ಟಣ್ಣ ಪಂದ್ಯ ಸೋತರೂ ಅರ್ಧ ಗೆದ್ದೆ ಎಂದು ವಾದ ಹೂಡಿದ. ಅವಳು ಎಂದಿನಂತೆ ಜಗಳಕ್ಕೆ ಬರಲಿಲ್ಲ. "ಮುಗೀತಲ್ಲ ರೀ, ಸದ್ಯ," ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ದೂರದ ಊರಿಂದ ನಡೆದು ಬಂದವಳ ಹಾಗೆ ಕಾಣುತ್ತಿದ್ದಳು.

ಶನಿವಾರ ಬೆಳಿಗ್ಗೆ ರಟ್ಟಣ್ಣ ಹೊರಗೆ ಹೋಗಲಿಲ್ಲ. ಪುಸ್ತಕ ಹೊಲಿದುಬಿಡೋಣವೆಂದು ಕಟ್ಟನ್ನು ಮೇಜಿನ ಮೇಲೆ ತಂದಿಟ್ಟು, ಸೂಜಿಗೆ ದಾರ ಪೋಣಿಸಿದ. ಹೊಲಿಯುವ ಮೊದಲು ಒಂದು ಕೆಲಸವಿದೆ. ಓದುಗರು ಪೆನ್ಸಿಲಿನಲ್ಲಿ ಗೀಚಿದ್ದನ್ನೆಲ್ಲ ರಬ್ಬರಿನಿಂದ ತೆಗೆಯಬೇಕು, ಲೈಬ್ರರಿಯ ಕಟ್ಟಳೆ. ಮೊದಲನೆಯ ಫಾರಮಿನ ಕೊನೆಯ ಪುಟ ತಿರುಗಿಸಿದ. ಮೂಲೆಯಲ್ಲಿ ಪೆನ್ಸಿಲಿನ ಸಣ್ಣ ಸರಿ ಗುರುತುಗಳು ಸಾಲಾಗಿ ನಿಂತಿದ್ದವು. ಯಾರವು ಎಂದು ಕೇಳಬೇಕಾಗಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕರೆ ಮುಗಿದ ಕೂಡಲೇ ಚೀಟಿಯ ಮೂಲೆಗೆ ಸರಿ ಗುರುತು ಹಾಕಬೇಕಿತ್ತು. ಆ ಅಭ್ಯಾಸ ಅವಳ ಕೈ ಬಿಟ್ಟಿರಲಿಲ್ಲ. ದೋಬಿ ಪಟ್ಟಿಗೂ ಹಾಕುವಳು, ಓದಿ ಮುಗಿಸಿದ ಕಾಗದಕ್ಕೂ ಹಾಕುವಳು.

ಒಂದು ಓದಿಗೆ ಒಂದು ಗುರುತು. ಇಲ್ಲಿ ಒಂಬತ್ತು ಇದ್ದವು.

ರಟ್ಟಣ್ಣ ಎರಡನೆಯದನ್ನು ನೋಡಿದ. ಅಲ್ಲೂ ಒಂಬತ್ತು. ಮೂರು, ನಾಲ್ಕು, ಐದರಲ್ಲಿ ಅಷ್ಟೇ. ಆರರಲ್ಲಿ ಹತ್ತು. ಏಳರಲ್ಲಿ ಮತ್ತೆ ಒಂಬತ್ತು. ಎಂಟರಲ್ಲಿ ಎಂಟು, ಅದರ ಮುಂದಿನದರಲ್ಲಿ ಏಳು, ಆಮೇಲೆ ಆರು, ಐದು. ಕೊನೆಯ ಫಾರಮಿನಲ್ಲಿ ಒಂದೇ ಒಂದು.

ಓದು ಬಾರದವನಿಗೂ ಅರ್ಥವಾಗುವ ಹಾಗೆ ಬರೆದಿತ್ತು. ತಪ್ಪು ಫಾರಂ ಕೊಟ್ಟ ಆ ಗುರುವಾರದ ಮಾರನೆಯ ದಿನದಿಂದ, ಅವನು ಸೈಕಲ್ಲು ಹತ್ತಿ ಹೋದ ಮೇಲೆ ಅವಳು ದಿನಾ ಕಲ್ಲು ಇಳಿಸಿದ್ದಳು. ದಿನಾ ಮೊದಲನೆಯ ಪುಟದಿಂದ ಹಿಡಿದು, ಅಲ್ಲಿಯವರೆಗೆ ಓದಿದ್ದಷ್ಟನ್ನೂ ಮತ್ತೆ ಓದಿದ್ದಳು. ಸಂಜೆ ಅವನು ಕೇಳಿದರೆ ಗೊತ್ತಿರಬೇಕಲ್ಲ, ಅದಕ್ಕೆ. ಅವಳಿಗೆ ಒಂದೂ ಉಳಿದಿರಲಿಲ್ಲ. ಬೆಳಿಗ್ಗೆ ತುಂಬಿಕೊಂಡು ಸಂಜೆಗೆ ಅವನಿಗೆ ಬಡಿಸಿದ್ದಳು, ರಾತ್ರಿ ಕಳೆಯುವುದರೊಳಗೆ ಮತ್ತೆ ಖಾಲಿ. ಅವನು ಅದನ್ನು ಕೇಳಿ, ಖುಷಿಪಟ್ಟು, ಡಾಕ್ಟರು ಬೇಡ ಎಂದಿದ್ದ.

ರಬ್ಬರು ಕೈಯಲ್ಲೇ ಇತ್ತು. ರಟ್ಟಣ್ಣನಿಗೆ ಅಳು ಬಂತು. ತಡೆಯಲು ಹೋಗಲಿಲ್ಲ.

"ಅಳಿಸಿಬಿಟ್ರಾ?"

ಒಳಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಯಾವಾಗ ಬಂದಳೋ.

"ಇಲ್ಲ."

ಅವಳು ಬಂದು ಮೇಜಿನ ಆಚೆ ಬದಿಗೆ ನಿಂತಳು. ಆರನೆಯ ಫಾರಂ ಎತ್ತಿ, ಕೊನೆಯ ಪುಟ ನೋಡಿ, ಕೆಳಗಿಟ್ಟಳು. "ಆವತ್ತು ಓದಿ ಮುಗಿಸಿ ಗುರುತು ಹಾಕೋಕೆ ಹೋದೆ. ಆಗ್ಲೇ ಒಂದಿತ್ತು. ಯಾರು ಹಾಕಿದ್ದು ಅಂತ ಮೊದಲು ನಿಮ್ಮ ಮೇಲೇ ಸಿಟ್ಟು ಬಂತು." ಫಾರಮನ್ನು ಮತ್ತೆ ತನ್ನತ್ತ ಎಳೆದುಕೊಂಡಳು. "ನನ್ನದೇ ಕೈ. ಒಂದು ಸಾಲಾದ್ರೂ ನೆನಪಾಗುತ್ತಾ ಅಂತ ತಿರುಗಿಸಿ ತಿರುಗಿಸಿ ನೋಡಿದೆ. ಇಲ್ಲ ರೀ. ಎಲ್ಲಾ ಹೊಸದು."

"ನಂಗೆ ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಐದು ಗಂಟೆ ಆದ್ರೆ ಎಲ್ಲಾ ಕೆಲಸ ಬಿಟ್ಟು ನನ್ನ ಮುಖ ನೋಡ್ಕೊಂಡು ಕೂರ್ತಿದ್ರಿ. ಮದುವೆ ಆದಾಗಿಂದ ಹಾಗೆ ಕೂತಿದ್ದಿಲ್ಲ ನೀವು. ನಂಗೆ ಗೊತ್ತಿಲ್ಲ ಅಂದ್ಬಿಟ್ರೆ ಎದ್ದು ಹೋಗ್ತೀರಿ ಅನ್ನಿಸ್ತು."

ರಟ್ಟಣ್ಣ ಅಂಟಿನ ಡಬ್ಬಿಯ ಮುಚ್ಚಳ ತೆಗೆದ, ಹಾಕಿದ.

"ಬುಧವಾರ ಡಾಕ್ಟರ ಹತ್ರ ಹೋಗೋದಿತ್ತು," ಎಂದ ಕೊನೆಗೆ. "ನಾನೇ ಬೇಡ ಅಂದೆ. ಇನ್ನು ಮೂರು ತಿಂಗಳಂತೆ."

ಅವಳು ತಲೆಯಾಡಿಸಿದಳು. ಸಿಟ್ಟು ಮಾಡಲಿಲ್ಲ. "ಮೂರು ತಿಂಗಳಲ್ಲಿ ಏನೇನು ಹೋಗುತ್ತೋ," ಎಂದಳು. ಹಾಗೆ ಅನ್ನುವಾಗ ಅವನನ್ನೇ ನೋಡುತ್ತಿದ್ದಳು, ಅವನ ಮುಖವನ್ನು ಬಾಯಿಪಾಠ ಮಾಡಿಕೊಳ್ಳುತ್ತಿರುವವಳ ಹಾಗೆ.

"ಇವತ್ತೇ ಮಗಳಿಗೆ ಫೋನ್ ಮಾಡ್ತೀನಿ. ಎಲ್ಲಾದ್ರೂ ಸರಿ, ಬೇರೆ ಊರಾದ್ರೂ ಸರಿ. ಕಾಲು ಹಿಡಿದಾದ್ರೂ..."

"ಮಾಡಿ. ಬರ್ತೀನಿ."

ಬೀದಿಯಲ್ಲಿ ಯಾರೋ ಗಂಟೆ ಬಾರಿಸುತ್ತ ಸೈಕಲ್ಲಿನಲ್ಲಿ ಹೋದರು. ಲೈಬ್ರರಿ ಮೇಡಂ ಸೋಮವಾರ ಚೀಲ ತರಿಸಿಕೊಳ್ಳುವುದಾಗಿ ಹೇಳಿಕಳಿಸಿದ್ದರು. ರಟ್ಟಣ್ಣ ಹದಿನೈದು ಫಾರಮುಗಳನ್ನೂ ಕ್ರಮವಾಗಿ ಜೋಡಿಸಿ, ಅಂಚು ತಟ್ಟಿ ಸಮ ಮಾಡಿದ. ಸೂಜಿಯಿಂದ ದಾರವನ್ನು ಎಳೆದು ತೆಗೆದುಬಿಟ್ಟ. ಮೇಲಿನ ಫಾರಮನ್ನು ಹೆಂಡತಿಯ ಮುಂದೆ ಇಟ್ಟ.

"ಮೊದಲಿಂದ ಹೇಳು," ಎಂದ. "ನಂಗೆ ಕತೆ ಮರ್ತುಹೋಗಿದೆ."

"ಸುಳ್ಳು ಹೇಳೋಕೆ ಬರಲ್ಲ ನಿಮಗೆ."

"ನಿಜವಾಗ್ಲೂ. ಯಾರು ಸತ್ತಿದ್ದು ಅನ್ನೋದೂ ನೆನಪಿಲ್ಲ."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಸ್ಟೂಲನ್ನು ಕಿಟಕಿಯ ಹತ್ತಿರದಿಂದ ಎಳೆದು ತಂದು ಅವನ ಪಕ್ಕಕ್ಕೆ ಹಾಕಿ ಕೂತಳು. ಓದಿ ಆಮೇಲೆ ಹೇಳುವುದು ಈ ಸಲ ಇರಲಿಲ್ಲ. ಒಂದು ಸಾಲನ್ನು ಆ ಭಾಷೆಯಲ್ಲಿ ಓದುವಳು, ಅಲ್ಲೇ ನಿಲ್ಲಿಸಿ ಅದನ್ನು ಅವನಿಗೆ ಹೇಳುವಳು, ಮುಂದಿನ ಸಾಲಿಗೆ ಹೋಗುವಳು. ನೆನಪಿನಲ್ಲಿ ಇಟ್ಟುಕೊಳ್ಳುವ ಕಷ್ಟವಿಲ್ಲ. ಗಡಿಯಾರದ ಅಂಗಡಿಯ ಬಾಗಿಲು ಒಡೆಯುವಲ್ಲಿ ಅವಳ ಉಸಿರು ಬಿಗಿಯಿತು. "ಒಳಗಿಂದ ಚಿಲಕ ಹಾಕಿದೆ ರೀ!" ಎಂದು ಅವನ ತೋಳು ಹಿಡಿದಳು.

"ಹೌದಾ?" ಎಂದ ರಟ್ಟಣ್ಣ. "ಹಾಗಾದ್ರೆ ಕೊಂದವನು ಹೊರಗೆ ಹೋಗಿದ್ದು ಹೇಗೆ?"

"ಅದೇ ಗೊತ್ತಾಗ್ತಿಲ್ಲ. ಇರಿ, ನೋಡೋಣ."

ಒಂದಕ್ಷರವೂ ತಿಳಿಯದ ಆ ಪುಟದ ಮೇಲೆ ಅವಳ ಬೆರಳು ಹೋದ ಕಡೆಗೆಲ್ಲ ಅವನ ಕಣ್ಣು ಹೋಯಿತು. ಬೆರಳು ಕೊನೆಯ ಸಾಲಿನ ಕೊನೆಗೆ ಬಂದು ನಿಂತಾಗ ಅವನೇ ಪುಟ ತಿರುಗಿಸಿದ.